ಬಿಯರ್ ಘಟಕದವರು ಮೊದಲು ನೀರು ಪರೀಕ್ಷಿಸ್ತಾರೆ, ಸೋಡಾ ಅಂಗಡಿಯವರು ಮೊದಲು ಮೆಷಿನ್ ಕೊಳ್ತಾರೆ: ಕರಾವಳಿಯ ಮೂರು ತಾಲೂಕುಗಳ ನೀರಿನ ಲೆಕ್ಕ

ಭಟ್ಕಳ/ಹೊನ್ನಾವರ/ಕುಮಟಾ: ಬೇಸಿಗೆ ಬಂತೆಂದರೆ ಮೂರೂ ತಾಲೂಕುಗಳ ಪೇಟೆಯಲ್ಲಿ ಎರಡು ವ್ಯಾಪಾರ ಜೋರಾಗುತ್ತದೆ. ಒಂದು, ಸೋಡಾ-ಶರಬತ್ತು-ಜ್ಯೂಸ್. ಇನ್ನೊಂದು, 20 ಲೀಟರಿನ ಕ್ಯಾನ್ ನೀರು. ಎರಡಕ್ಕೂ ಮೂಲ ಬಂಡವಾಳ ನೀರೇ. ಆದರೆ ಆ ನೀರಿನಲ್ಲಿ ಏನಿದೆ, ಏನನ್ನು ತೆಗೆಯಬೇಕು, ಯಾವುದನ್ನು ಉಳಿಸಬೇಕು ಎಂದು ಕೇಳಿದರೆ ಹೆಚ್ಚಿನ ಅಂಗಡಿಗಳಲ್ಲಿ ಬರುವ ಉತ್ತರ ಒಂದೇ: "ಆರ್‌ಒ ಹಾಕ್ಸಿದ್ದೇವೆ, ಏನೂ ಆಗೂದಿಲ್ಲ."

ಇದೇ ಪ್ರಶ್ನೆಗೆ ರಾಜ್ಯದಲ್ಲಿ ಅತ್ಯಂತ ಖಚಿತ ಉತ್ತರ ಇಟ್ಟುಕೊಂಡಿರುವ ಸಣ್ಣ ಉದ್ಯಮ ಯಾವುದೆಂದರೆ ಬೆಂಗಳೂರಿನ ಸಣ್ಣ ಬಿಯರ್ ಘಟಕಗಳು, ಅಂದರೆ ಮೈಕ್ರೊಬ್ರೂವರಿಗಳು. 2011ರ ಹೊತ್ತಿಗೆ ಅಲ್ಲಿ ಶುರುವಾದ ಈ ವ್ಯವಹಾರ ಈಗ ಮಂಗಳೂರಿಗೂ ಬಂದಿದೆ. ಬಿಯರ್ ಬೇಕೋ ಬೇಡವೋ ಎಂಬುದು ಬೇರೆ ಚರ್ಚೆ. ಭಟ್ಕಳದಂಥ ಊರಲ್ಲಿ ಹೆಚ್ಚಿನವರಿಗೆ ಅದು ಬೇಡ, ಸರಿ. ಆದರೆ ಅವರು ನೀರನ್ನು ನೋಡುವ ಕ್ರಮದಲ್ಲಿ ಸೋಡಾ ಅಂಗಡಿ, ಹೋಟೆಲು, ಕ್ಯಾನ್ ನೀರಿನ ಘಟಕ, ಐಸ್ ಪ್ಲಾಂಟ್ ಎಲ್ಲರಿಗೂ ಬೇಕಾದ ಲೆಕ್ಕವಿದೆ. ಪ್ರವಾಸೋದ್ಯಮದ ಹೆಸರಲ್ಲಿ ಗೋಕರ್ಣ, ಕಾಸರಕೋಡು, ಮುರ್ಡೇಶ್ವರದ ಕಡೆ ರೆಸಾರ್ಟು, ಹೋಟೆಲು ಹೆಚ್ಚುತ್ತಿರುವ ಹೊತ್ತಿನಲ್ಲಿ ಪಂಚಾಯಿತಿಗಳಿಗೂ ಈ ಲೆಕ್ಕ ಗೊತ್ತಿರಬೇಕು.

ಒಂದು ಲೀಟರಿಗೆ ಆರು ಲೀಟರ್

ಬಿಯರಿನಲ್ಲಿ ಶೇ 90ಕ್ಕಿಂತ ಹೆಚ್ಚು ನೀರೇ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು (ಮಾಲ್ಟ್) ಬಿಸಿನೀರಲ್ಲಿ ನೆನೆಸಿ, ಸಿಹಿ ರಸ ಇಳಿಸಿ, ಹಾಪ್ಸ್ ಎಂಬ ಹೂವು ಹಾಕಿ ಕುದಿಸಿ, ತಣಿಸಿ, ಯೀಸ್ಟ್ ಬೆರೆಸಿ ಹುಳಿ ಬರಿಸುತ್ತಾರೆ. ಪಾತ್ರೆಗೆ ಹೋಗುವ ನೀರು ಒಂದು ಭಾಗ ಮಾತ್ರ. ಟ್ಯಾಂಕು ತೊಳೆಯಲು, ತಣಿಸಲು, ಬಾಯ್ಲರಿಗೆ ಇನ್ನೂ ಹೆಚ್ಚು ಬೇಕು. ದೊಡ್ಡ ಕಾರ್ಖಾನೆಗಳು ಒಂದು ಲೀಟರ್ ಬಿಯರಿಗೆ ಸುಮಾರು 3ರಿಂದ 4 ಲೀಟರ್ ನೀರಲ್ಲಿ ಮುಗಿಸಿದರೆ, ಸಣ್ಣ ಘಟಕಗಳಿಗೆ 6 ಲೀಟರ್ ಅಥವಾ ಅದಕ್ಕಿಂತ ಹೆಚ್ಚು ಹೋಗುವುದು ಸಾಮಾನ್ಯ.

ದಿನಕ್ಕೆ 1000 ಲೀಟರ್ ಬಿಯರ್ ಮಾಡುವ ಘಟಕ ಅಂದುಕೊಳ್ಳಿ. ಒಟ್ಟು 6000 ಲೀಟರ್ ನೀರು. ಅದರಲ್ಲಿ ಬಿಯರಿಗೇ ಹೋಗುವ 2000 ಲೀಟರನ್ನು ಆರ್‌ಒ ಮೂಲಕ ಹಾಯಿಸಿದರೆ, ಅರ್ಧ ನೀರು ಹೊರಗೆ ಹೋಗುವ ಲೆಕ್ಕದಲ್ಲಿ ಇನ್ನೂ 2000 ಲೀಟರ್ ಬೇಕು. ಅಲ್ಲಿಗೆ ದಿನಕ್ಕೆ 8000 ಲೀಟರ್. ಜಲ ಜೀವನ್ ಮಿಷನ್ ಲೆಕ್ಕದಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್. ಅಂದರೆ ಒಂದು ಸಣ್ಣ ಘಟಕದ ಒಂದು ದಿನದ ನೀರು ಸುಮಾರು 145 ಜನರ ಪಾಲು. ಬಿಯರ್ ತೆಗೆದು ಆ ಜಾಗದಲ್ಲಿ ಈಜುಕೊಳವಿರುವ ರೆಸಾರ್ಟನ್ನೋ ಐಸ್ ಪ್ಲಾಂಟನ್ನೋ ಇಟ್ಟರೂ ಲೆಕ್ಕ ಹಾಕುವ ರೀತಿ ಇದೇ.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರು 2024ರ ಮಾರ್ಚ್‌ನಲ್ಲಿ ಕಂಡಿದೆ. ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ದರ ಏರಿ, ಕೊನೆಗೆ ಜಲಮಂಡಳಿ ವಾಹನ ತೊಳೆಯಲು, ತೋಟಕ್ಕೆ, ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸಿದರೆ 5000 ರೂ. ದಂಡ ಎಂದು ಆದೇಶಿಸಿತು. ಹೋಟೆಲು, ಮಾಲ್‌ಗಳ ನಲ್ಲಿಗಳಿಗೆ ನೀರು ಕಡಿಮೆ ಬರುವಂತೆ ಏರೇಟರ್ ಹಾಕಬೇಕು ಎಂದಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ದಿನಕ್ಕೆ 77.5 ಕೋಟಿ ಲೀಟರಿನ ಕಾವೇರಿ 5ನೇ ಹಂತ ಉದ್ಘಾಟನೆಯಾಯಿತು. ಅಷ್ಟಾದರೂ ಶರಾವತಿಯ ಮೇಲಿನ ಕಣ್ಣು ಹೋಗಿಲ್ಲ. ಲಿಂಗನಮಕ್ಕಿಯಿಂದ ಬೆಂಗಳೂರಿಗೆ ನೀರು ಒಯ್ಯುವ ಪ್ರಸ್ತಾವದ ವಿರುದ್ಧ 2019ರ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆ ಬಂದ್ ಆಗಿತ್ತು. ಆ ನದಿಯ ಕೊನೆಯ ಊರು ಹೊನ್ನಾವರ ಎಂಬುದನ್ನು ಇಲ್ಲಿ ಮರೆಯುವ ಹಾಗಿಲ್ಲ.

ಪರೀಕ್ಷೆ ಮೊದಲು, ಫಿಲ್ಟರ್ ಆಮೇಲೆ

ಬಿಯರ್ ಘಟಕದ ಕ್ರಮ ಸರಳ. ಮೊದಲು ನೀರಿನ ವರದಿ ತರಿಸುತ್ತಾರೆ: ಆಮ್ಲತೆ (ಪಿಎಚ್), ಗಡಸುತನ, ಕ್ಲೋರೈಡ್, ಸಲ್ಫೇಟ್, ಕಬ್ಬಿಣ, ಉಳಿಕೆ ಕ್ಲೋರಿನ್. ಆಮೇಲೆ ಯಾವ ಫಿಲ್ಟರ್ ಎಂಬ ತೀರ್ಮಾನ.

ಮೊದಲ ಹಂತದಲ್ಲಿ ಮಣ್ಣು-ಕಸ ಹಿಡಿಯುವ 5 ಮೈಕ್ರಾನ್ ಫಿಲ್ಟರ್. ಎರಡನೆಯದು ಇದ್ದಿಲಿನ ಕಾರ್ಬನ್ ಫಿಲ್ಟರ್. ಇದರ ಮುಖ್ಯ ಕೆಲಸ ಕ್ಲೋರಿನ್ ತೆಗೆಯುವುದು. ನಲ್ಲಿ ನೀರಿನ ಕ್ಲೋರಿನ್ ಆರೋಗ್ಯಕ್ಕೆ ಬೇಕು, ಆದರೆ ಮಾಲ್ಟಿನ ಜೊತೆ ಸೇರಿದರೆ ಕ್ಲೋರೊಫಿನಾಲ್ ಆಗಿ ಆಸ್ಪತ್ರೆಯ ಡೆಟಾಲ್ ವಾಸನೆ ಬರುತ್ತದೆ. ನೂರು ಕೋಟಿಯಲ್ಲಿ ಕೆಲವೇ ಭಾಗ ಇದ್ದರೂ ನಾಲಿಗೆಗೆ ಗೊತ್ತಾಗುತ್ತದೆ. ಇಡೀ ಟ್ಯಾಂಕ್ ಮೋರಿಗೆ ಸುರಿಯಬೇಕಾಗುತ್ತದೆ. ಆದ್ದರಿಂದ ಕಾರ್ಬನ್ ಯಾವಾಗ ಸತ್ತಿದೆ ಎಂದು ತಿಳಿಯಲು ಅವರು ಕ್ಲೋರಿನ್ ಪರೀಕ್ಷೆ ಮಾಡುತ್ತಲೇ ಇರುತ್ತಾರೆ.

ಮೂರನೆಯದು ಆರ್‌ಒ. ಇದು ಎಲ್ಲ ಕಡೆ ಬೇಕಾಗುವುದಿಲ್ಲ. ಬೆಂಗಳೂರಿನ ಬೋರ್‌ವೆಲ್ ನೀರು ಕಗ್ಗಲ್ಲಿನ ಸಂದಿನಿಂದ ಬರುವುದರಿಂದ ಗಡಸು, ಲವಣ ಜಾಸ್ತಿ. ಟ್ಯಾಂಕರ್ ನೀರಂತೂ ಇವತ್ತು ಒಂದು ಬೋರಿನದ್ದು, ನಾಳೆ ಇನ್ನೊಂದರದ್ದು. ಅದಕ್ಕೇ ಅಲ್ಲಿ ಆರ್‌ಒ ಹಾಕಿ ಎಲ್ಲ ಲವಣ ತೆಗೆದು, ಆಮೇಲೆ ಕ್ಯಾಲ್ಸಿಯಂ ಕ್ಲೋರೈಡ್, ಜಿಪ್ಸಂ ಅಳತೆ ಮಾಡಿ ಮತ್ತೆ ಸೇರಿಸುತ್ತಾರೆ. ಲೀಟರಿಗೆ 50ರಿಂದ 150 ಮಿಲಿಗ್ರಾಂ ಕ್ಯಾಲ್ಸಿಯಂ ಇರುವಂತೆ ನೋಡಿಕೊಳ್ಳುತ್ತಾರೆ. ಮಾಲ್ಟ್ ನೆನೆಸಿದ ರಸದ ಪಿಎಚ್ 5.2ರಿಂದ 5.6ರೊಳಗೆ ಇರಬೇಕು.

ಲವಣ ತೆಗೆದ ಬರೀ ನೀರಿನಲ್ಲಿ ಒಳ್ಳೆ ಬಿಯರ್ ಬರುವುದಿಲ್ಲ ಎಂಬುದು ಇಲ್ಲಿ ಮುಖ್ಯ. ಜೆಕ್ ದೇಶದ ಪಿಲ್ಸೆನ್ ಊರಿನ ನೀರು ಬಹಳ ಮೆದು, ಅಲ್ಲಿ ತಿಳಿ ಬಣ್ಣದ ಬಿಯರ್ ಹುಟ್ಟಿತು. ಇಂಗ್ಲೆಂಡಿನ ಬರ್ಟನ್ ಊರಿನ ಬಾವಿಗಳಲ್ಲಿ ಜಿಪ್ಸಂ ಜಾಸ್ತಿ, ಅಲ್ಲಿ ಕಹಿ ಬಿಯರ್ ಹೆಸರಾಯಿತು. ಆಯಾ ಊರಿನ ಕಲ್ಲು-ಮಣ್ಣು ನೋಡಿಯೇ ನೀರಿನ ಲೆಕ್ಕ.

ಹಾಗಾದರೆ ಭಟ್ಕಳ, ಹೊನ್ನಾವರ, ಕುಮಟಾದ ಕಲ್ಲು-ಮಣ್ಣು ಏನು ಹೇಳುತ್ತದೆ?

ಚಿರೆಕಲ್ಲಿನ ಬಾವಿ: ಮೆದು ನೀರು, ಆದರೆ ಹುಳಿ

ಕರಾವಳಿಯ ಚಿರೆಕಲ್ಲಿನ ನೆಲ ಮಳೆಗೆ ತೊಳೆದು ತೊಳೆದು ಸುಣ್ಣದ ಅಂಶ ಕಳೆದುಕೊಂಡಿದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ. ಹಾಗಾಗಿ ಸಮುದ್ರ, ಕೋಡಿಯಿಂದ ದೂರ ಇರುವ ತೆರೆದ ಬಾವಿಗಳ ನೀರು ಸಾಮಾನ್ಯವಾಗಿ ಮೆದು. ಲವಣ ಕಡಿಮೆ, ಸೋಪು ಬೇಗ ನೊರೆ ಬರುತ್ತದೆ. ಅದರ ತೊಂದರೆ ಬೇರೆ: ಪಿಎಚ್ ಎಷ್ಟೋ ಕಡೆ 6.5ಕ್ಕಿಂತ ಕೆಳಗೆ, ಅಂದರೆ ನೀರು ಸ್ವಲ್ಪ ಹುಳಿ. ಇಂಥ ನೀರು ಕಬ್ಬಿಣದ ಪೈಪು ತಿನ್ನುತ್ತದೆ, ತಾಮ್ರದ ಪಾತ್ರೆ ಮೇಲೆ ಹಸಿರು-ನೀಲಿ ಕಲೆ ಬಿಡುತ್ತದೆ. ಕೆಲವು ಕಡೆ ಕಬ್ಬಿಣದ ಅಂಶ ಜಾಸ್ತಿ. ಲೀಟರಿಗೆ 0.3 ಮಿಲಿಗ್ರಾಂ ದಾಟಿದರೆ ಬಟ್ಟೆ, ಪಾತ್ರೆ ಮೇಲೆ ಕೆಂಪು ಕಲೆ ಕೂರುತ್ತದೆ. ಅದೇ ನೀರಲ್ಲಿ ಚಾ ಕಾಯಿಸಿದರೆ ಬಣ್ಣ ಕಪ್ಪಾಗುತ್ತದೆ. ಚಹದ ಒಗರಿಗೂ ಕಬ್ಬಿಣಕ್ಕೂ ಆಗಿ ಬರುವುದಿಲ್ಲ.

ಈ ನೀರಿಗೆ ಆರ್‌ಒ ಹಾಕುವುದು ಅಂದರೆ ಇಲ್ಲದ ಲವಣ ತೆಗೆಯಲು ಅರ್ಧ ನೀರು ಚೆಲ್ಲಿದ ಹಾಗೆ. ಹುಳಿಗೆ ಸುಣ್ಣಕಲ್ಲಿನ ಹರಳು ತುಂಬಿದ ಫಿಲ್ಟರ್ ಸಾಕು. ನೀರು ಹಾದು ಹೋಗುವಾಗ ಹರಳು ಸ್ವಲ್ಪ ಸ್ವಲ್ಪ ಕರಗಿ ಪಿಎಚ್ ಏರುತ್ತದೆ. ಅಘನಾಶಿನಿ ಕೋಡಿಯ ಚಿಪ್ಪಿ ಸುಟ್ಟು ಸುಣ್ಣ ಮಾಡಿದ ಊರುಗಳಿಗೆ ಈ ವಿದ್ಯೆ ಹೊಸದೇನೂ ಅಲ್ಲ. ಎರಡರಲ್ಲೂ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟೇ. ಕಬ್ಬಿಣಕ್ಕೆ ನೀರನ್ನು ಗಾಳಿಗೆ ಒಡ್ಡಿ, ಮರಳಿನ ಫಿಲ್ಟರಲ್ಲಿ ಸೋಸಬೇಕು. ಆದರೆ ಹುಳಿ ನೀರಲ್ಲಿ ಕಬ್ಬಿಣ ಬೇಗ ಕೂರುವುದಿಲ್ಲ, ಆದ್ದರಿಂದ ಮೊದಲು ಹುಳಿ ಇಳಿಸಬೇಕು.

ಇನ್ನು ರೋಗಾಣು. ಮಳೆಗಾಲದಲ್ಲಿ ಬಾವಿಗೆ ಮೇಲಿನ ನೀರು, ಶೌಚಗುಂಡಿಯ ನೀರು ಬಸಿಯುವುದೇ ದೊಡ್ಡ ಅಪಾಯ. ಟಿಡಿಎಸ್ ಮೀಟರಿಗೆ ಇದು ಕಾಣಿಸುವುದೇ ಇಲ್ಲ. ಮೀಟರಲ್ಲಿ 60 ತೋರಿಸುವ ನೀರಲ್ಲಿಯೂ ಕಾಮಾಲೆ, ಟೈಫಾಯ್ಡ್ ತರುವ ರೋಗಾಣು ಇರಬಹುದು. ಒಳ್ಳೆ ಬ್ಲೀಚಿಂಗ್ ಪೌಡರ್ ಆದರೆ 1000 ಲೀಟರಿಗೆ ಸುಮಾರು 2.5 ಗ್ರಾಂ ಸಾಮಾನ್ಯ ಅಳತೆ. 3 ಮೀಟರ್ ಅಗಲದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಅದು ಸುಮಾರು 21,000 ಲೀಟರ್, ಪೌಡರ್ 50 ಗ್ರಾಂ ಮೇಲೆ ಸ್ವಲ್ಪ. ಕನಿಷ್ಠ ಅರ್ಧ ಗಂಟೆ ಬಿಟ್ಟು ಬಳಸಬೇಕು.

ಕೋಡಿ ಪಕ್ಕದ ಬಾವಿ: ಮೂರು ತಿಂಗಳ ಉಪ್ಪು

ಸಮುದ್ರ ದಂಡೆ, ಕೋಡಿ ಪಕ್ಕದ ಬಾವಿಗಳ ಕತೆ ಬೇರೆ. ಮಾರ್ಚ್ ದಾಟಿದ ಮೇಲೆ "ನಮ್ ಬಾವಿ ನೀರು ಉಪ್ಪಾಯ್ತು" ಎಂಬ ಮಾತು ಶುರು. ನೆಲದಡಿ ಸಿಹಿನೀರು ಹಗುರ, ಸಮುದ್ರದ ನೀರು ಭಾರ. ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತದೆ. ಅಂತರ್ಜಲ ಸಮುದ್ರ ಮಟ್ಟಕ್ಕಿಂತ 1 ಮೀಟರ್ ಮೇಲಿದ್ದರೆ, ಅದರ ಕೆಳಗೆ ಸುಮಾರು 40 ಮೀಟರ್ ಸಿಹಿನೀರು ನಿಲ್ಲುತ್ತದೆ ಎಂಬುದು ವಿಜ್ಞಾನಿಗಳ ಹಳೆಯ ಲೆಕ್ಕ. ಪಂಪು ಹಚ್ಚಿ ಮೇಲಿನ ಮಟ್ಟ ಇಳಿಸಿದರೆ ಕೆಳಗಿನ ಉಪ್ಪು ಅದರ 40 ಪಟ್ಟು ಮೇಲೇಳಲು ನೋಡುತ್ತದೆ. ದಂಡೆಯಲ್ಲಿ ಆಳದ ಬೋರ್ ಕೊರೆದಷ್ಟೂ ಉಪ್ಪಿಗೆ ಹತ್ತಿರ.

ಉಪ್ಪಾಗಲು ಹೆಚ್ಚು ಸಮುದ್ರದ ನೀರೂ ಬೇಡ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 19,000 ಮಿಲಿಗ್ರಾಂ ಕ್ಲೋರೈಡ್. ಕುಡಿಯುವ ನೀರಿನ ಭಾರತೀಯ ಮಾನಕದ (ಐಎಸ್ 10500) ಸ್ವೀಕಾರಾರ್ಹ ಮಿತಿ 250. ಅಂದರೆ 100 ಲೀಟರ್ ಬಾವಿ ನೀರಿಗೆ ಒಂದೂವರೆ ಲೀಟರ್ ಸಮುದ್ರದ ನೀರು ಸೇರಿದರೂ ಮಿತಿ ದಾಟಿತು. ಕುದಿಸಿದರೆ ಉಪ್ಪು ಹೋಗುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ. ಕಾರ್ಬನ್ ಫಿಲ್ಟರಿಗೂ ಉಪ್ಪು ಸಿಗುವುದಿಲ್ಲ. ಆರ್‌ಒ ನಿಜವಾಗಿ ಬೇಕಾಗುವುದು ಇಂಥ ಬಾವಿಗೆ, ಇಂಥ ತಿಂಗಳುಗಳಲ್ಲಿ ಮಾತ್ರ.

ಮೂರು ತಾಲೂಕುಗಳ ನದಿಗಳೂ ಒಂದೇ ಥರ ಇಲ್ಲ. ಶರಾವತಿಗೆ ಗೇರುಸೊಪ್ಪೆ ಅಣೆಕಟ್ಟೆಯ ವಿದ್ಯುತ್ ಘಟಕದಿಂದ ವರ್ಷಪೂರ್ತಿ ಸಿಹಿನೀರು ಬರುತ್ತದೆ. ಆದ್ದರಿಂದ ಹೊನ್ನಾವರದ ಕೋಡಿಯಲ್ಲಿ ಬೇಸಿಗೆಯ ಉಪ್ಪು ಕಡಿಮೆಯಾಗಿ, ಚಿಪ್ಪಿಯ ಇಳುವರಿಯೂ ಕುಸಿದಿದೆ ಎಂದು ಅಧ್ಯಯನಗಳು ಹೇಳಿವೆ. ಅಘನಾಶಿನಿಗೆ ಅಣೆಕಟ್ಟೆ ಇಲ್ಲ. ಬೇಸಿಗೆಯಲ್ಲಿ ಹರಿವು ಇಳಿದಂತೆ ಉಬ್ಬರದ ಉಪ್ಪುನೀರು ಒಳಗೆ ಬರುತ್ತದೆ. ಅದರ ದಂಡೆಯಲ್ಲೇ ಸಾಣಿಕಟ್ಟಾದ ಉಪ್ಪಿನ ಆಗರ, ಗಜನಿಯ ಉಪ್ಪು ತಾಳುವ ಕಗ್ಗ ಭತ್ತ. ಅದೇ ನದಿಯ ಮೇಲ್ಭಾಗದ ಮರಾಕಲ್‌ನಿಂದ ಕುಮಟಾ, ಹೊನ್ನಾವರ ಎರಡೂ ಪಟ್ಟಣಗಳಿಗೆ ಕುಡಿಯುವ ನೀರು. ಭಟ್ಕಳ ಪಟ್ಟಣ ಕಡವಿನಕಟ್ಟೆಯನ್ನು ನಂಬಿದೆ. ಮೂಲವೇ ಬೇರೆ ಬೇರೆ ಇರುವಾಗ ಮೂರೂ ಪೇಟೆಗೆ ಒಂದೇ ಮಾಡೆಲ್ಲಿನ ಮೆಷಿನ್ ಸರಿಹೋಗುತ್ತದೆ ಎಂಬುದು ಮಾರುವವರ ಲೆಕ್ಕ ಮಾತ್ರ.

ಕಂದು ನೀರಿನ ಆಟ

ಅಂಗಡಿಗೆ, ಮನೆಗೆ ಬಂದು ಮೆಷಿನ್ ಮಾರುವವರು ಒಂದು ಆಟ ತೋರಿಸುವುದುಂಟು. ಎರಡು ಲೋಟ: ಒಂದರಲ್ಲಿ ಬಾವಿ ನೀರು, ಇನ್ನೊಂದರಲ್ಲಿ ಆರ್‌ಒ ನೀರು. ಕರೆಂಟಿನ ಸಲಾಕೆ ಮುಳುಗಿಸಿದರೆ ಬಾವಿ ನೀರು ಕಂದಾಗಿ ರಾಡಿ ಏಳುತ್ತದೆ. "ನೋಡಿ, ಇದನ್ನೇ ಮಕ್ಕಳಿಗೆ ಕುಡಿಸ್ತಿದ್ದೀರಿ" ಎನ್ನುತ್ತಾರೆ. ನಿಜ ಏನೆಂದರೆ ಆ ರಾಡಿ ಸಲಾಕೆಯ ಕಬ್ಬಿಣದ್ದು. ಲವಣ ಇರುವ ನೀರಲ್ಲಿ ಕರೆಂಟು ಹರಿದು ಸಲಾಕೆ ಕರಗುತ್ತದೆ. ಆರ್‌ಒ ನೀರಲ್ಲಿ ಕರೆಂಟು ಸರಿಯಾಗಿ ಹರಿಯುವುದಿಲ್ಲ, ಅದಕ್ಕೇ ತಿಳಿಯಾಗಿ ಉಳಿಯುತ್ತದೆ. ಆ ಆರ್‌ಒ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿಸಿ ಸಲಾಕೆ ಇಡಲು ಹೇಳಿದರೆ ಅದೂ ಕಂದಾಗುತ್ತದೆ. ಆಟ ಅಲ್ಲಿಗೆ ಮುಗಿಯಿತು.

ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಟಿಡಿಎಸ್ ಇರುವ ಕಡೆ ಆರ್‌ಒ ನಿಷೇಧಿಸಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಕೇಂದ್ರಕ್ಕೆ ಹೇಳಿತ್ತು. ಕಾರಣ ಇದೇ: ನೀರು ಪೋಲು, ಬೇಕಾದ ಲವಣವೂ ಪೋಲು.

ಕ್ಯಾನ್ ನೀರಿನ ಪ್ರಶ್ನೆ

ಕಾರ್ಬನ್ ಮತ್ತು ಆರ್‌ಒ ದಾಟಿದ ನೀರಲ್ಲಿ ಕ್ಲೋರಿನ್ ಇರುವುದಿಲ್ಲ. ಯುವಿ ದೀಪ ಆ ಕ್ಷಣದ ರೋಗಾಣು ಕೊಲ್ಲುತ್ತದೆ, ಮುಂದಕ್ಕೆ ಕಾಯುವುದಿಲ್ಲ. ಆ ನೀರು ಸರಿಯಾಗಿ ತೊಳೆಯದ ಕ್ಯಾನಿಗೆ ಬಿದ್ದು, ಬಿಸಿಲಲ್ಲಿ ಆಟೋ ಮೇಲೆ ಸುತ್ತಿ, ಅಂಗಡಿ ಮೂಲೆಯಲ್ಲಿ ನಾಲ್ಕು ದಿನ ಕೂತರೆ ಮೆಷಿನ್ ಎಷ್ಟೇ ದುಬಾರಿಯದಾದರೂ ಪ್ರಯೋಜನವಿಲ್ಲ. ಬಿಯರ್ ಘಟಕದಲ್ಲಿ ನೀರಿನ ನಂತರ ಕುದಿಸುವ ಹಂತ ಇದೆ. ಟ್ಯಾಂಕು, ಪೈಪು, ನಲ್ಲಿ ಎಲ್ಲ ಪ್ರತಿ ಸಲ ತೊಳೆದು ಶುದ್ಧ ಮಾಡುತ್ತಾರೆ. ಕ್ಯಾನ್ ನೀರಿಗೆ ಕುದಿಸುವ ಹಂತ ಇಲ್ಲ. ಹಾಗಾಗಿ ತೊಳೆಯುವುದರಲ್ಲಿ ಇನ್ನೂ ಹೆಚ್ಚು ಕಟ್ಟುನಿಟ್ಟು ಬೇಕು.

ಇದು ಬರೀ ಅನುಮಾನವಲ್ಲ. ರಾಜ್ಯದ ಆಹಾರ ಸುರಕ್ಷತಾ ಇಲಾಖೆ 2025ರ ಆರಂಭದಲ್ಲಿ ಬಾಟಲಿ ನೀರಿನ 296 ಮಾದರಿ ಸಂಗ್ರಹಿಸಿತ್ತು. ಪರೀಕ್ಷೆ ಮುಗಿದ 255ರಲ್ಲಿ ಸುರಕ್ಷಿತ ಎಂದು ಬಂದದ್ದು 72 ಮಾತ್ರ. 95 ಅಸುರಕ್ಷಿತ, 88 ಕಳಪೆ ಗುಣಮಟ್ಟ. ಪ್ಯಾಕ್ ಮಾಡಿದ ನೀರನ್ನು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಕೊನೆಯಲ್ಲೇ 'ಹೆಚ್ಚು ಅಪಾಯ'ದ ಆಹಾರದ ಪಟ್ಟಿಗೆ ಸೇರಿಸಿದೆ. ಅಂದರೆ ತಪಾಸಣೆ ಬಿಗಿಯಾಗುವ ದಾರಿ ತೆರೆದಿದೆ. ಅಧಿಕಾರಿ ಬಂದಾಗ ಮೆಷಿನ್ ತೋರಿಸಿದರೆ ಸಾಲದು, ನೀರಿನ ವರದಿ ತೋರಿಸಬೇಕಾಗುತ್ತದೆ.

ಚೆಲ್ಲುವ ನೀರು ಎಲ್ಲಿಗೆ?

ಆರ್‌ಒ ಹೊರಬಿಡುವ ನೀರು ವಿಷವೇನೂ ಅಲ್ಲ, ಆದರೆ ಅದರಲ್ಲಿ ಲವಣ ಹೆಚ್ಚು ಕಡಿಮೆ ಇಮ್ಮಡಿ. ಮೆದು ನೀರಿನ ಊರಲ್ಲಾದರೆ ಅದನ್ನು ನೆಲ ತೊಳೆಯಲು, ಶೌಚಕ್ಕೆ, ಹಾಳೆ-ಪಾತ್ರೆ ಮೊದಲ ಸಲ ತೊಳೆಯಲು ಬಳಸಬಹುದು. ಬಿಯರ್ ಘಟಕಗಳಲ್ಲೂ ನೆಲ ತೊಳೆಯಲು ಹೀಗೆ ಬಳಸುವುದುಂಟು. ಕೋಡಿ ಪಕ್ಕದ ಉಪ್ಪು ಬಾವಿಯಾದರೆ, ಉಪ್ಪು ಇಮ್ಮಡಿಯಾದ ನೀರನ್ನು ಬಾವಿ ಪಕ್ಕದ ಇಂಗುಗುಂಡಿಗೇ ಬಿಟ್ಟರೆ ಅದೇ ಉಪ್ಪು ತಿರುಗಿ ಅದೇ ಬಾವಿಗೆ, ಪಕ್ಕದ ಮನೆಯವರ ಬಾವಿಗೆ. ಮೆಷಿನ್ ಇಟ್ಟವರಿಗೆ ಸಿಹಿನೀರು, ಇಡಲಾಗದವರಿಗೆ ಉಪ್ಪುನೀರು ಎಂಬಂತಾಗುತ್ತದೆ.

ಇದಕ್ಕೆ ಎದುರಾಗಿ ಮಳೆಯ ಲೆಕ್ಕ ನೋಡಬೇಕು. 100 ಚದರ ಮೀಟರ್ ಮಾಡಿನ ಮೇಲೆ 3000 ಮಿಲಿಮೀಟರ್ ಮಳೆ ಬಿದ್ದರೆ 3 ಲಕ್ಷ ಲೀಟರ್. ಅದರ ಕಾಲುಭಾಗ ಸೋಸಿ ಬಾವಿಗೆ ಇಳಿಸಿದರೂ ಸಿಹಿನೀರಿನ ಮಟ್ಟ ಏರಿ ಉಪ್ಪು ಕೆಳಗೆ ಸರಿಯುತ್ತದೆ. ಒಬ್ಬರ ಬಾವಿಯಿಂದ ಇದು ಆಗುವ ಕೆಲಸವಲ್ಲ. ಕೇರಿಯವರೆಲ್ಲ ಸೇರಿ ಮಾಡಿದರೆ ಫಲ ಇದೆ.

ಅಂಗಡಿಯವರು, ಪಂಚಾಯಿತಿಯವರು ಮಾಡಬಹುದಾದ್ದು

ಅಂಗಡಿಯವರಿಗೆ ಕ್ರಮ ಹೀಗೆ: ನೀರನ್ನು ವರ್ಷಕ್ಕೆ ಎರಡು ಸಲ ಪರೀಕ್ಷೆ ಮಾಡಿಸಿ, ಮಳೆಗಾಲ ಹಿಡಿದ ಮೇಲೆ ರೋಗಾಣುವಿಗೆ, ಏಪ್ರಿಲ್‌ನಲ್ಲಿ ಕ್ಲೋರೈಡ್‌ಗೆ. ವರದಿಯಲ್ಲಿ ಹುಳಿ, ಕಬ್ಬಿಣ ಇದ್ದರೆ ಅದರ ಫಿಲ್ಟರ್. ಉಪ್ಪಿದ್ದರೆ ಮಾತ್ರ ಆರ್‌ಒ. ಪಟ್ಟಣದ ನಲ್ಲಿ ನೀರಲ್ಲಿ ಸೋಡಾ, ನಿಂಬೆ ಶರಬತ್ತು, ಕೋಕಂ ಮಾಡುವವರಿಗೆ ಬ್ಲೀಚಿಂಗ್ ವಾಸನೆ ತೊಂದರೆಯಾದರೆ ಕಾರ್ಬನ್ ಫಿಲ್ಟರ್ ಸಾಕು. ಕಾರ್ಬನ್ ದಾಟಿದ ನೀರನ್ನು ಅವತ್ತಿಂದವತ್ತೇ ಬಳಸಬೇಕು, ಕಾರ್ಬನ್ ಸಮಯಕ್ಕೆ ಬದಲಿಸಬೇಕು. ಮನೆಯಲ್ಲೇ ಬಿಯರ್ ಮಾಡಿ ನೋಡುವ ಹುಮ್ಮಸ್ಸು ಕೆಲ ಹುಡುಗರಿಗೆ ಬಂದೀತು. ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ ಎಂಬುದು ಅವರಿಗೆ ತಿಳಿದಿರಲಿ.

ಪಂಚಾಯಿತಿ, ಪುರಸಭೆಗಳ ಕೆಲಸ ಇದಕ್ಕಿಂತ ದೊಡ್ಡದು. ಜಲ ಜೀವನ್ ಮಿಷನ್‌ನಡಿ ನೀರು ಪರೀಕ್ಷಿಸುವ ಎಫ್‌ಟಿಕೆ ಕಿಟ್‌ಗಳು ಬಂದಿವೆ, ಹಳ್ಳಿಯ ಹೆಣ್ಣುಮಕ್ಕಳಿಗೆ ಅದರ ತರಬೇತಿಯೂ ಇದೆ. ಏಪ್ರಿಲ್‌ನಲ್ಲಿ ವಾರ್ಡಿಗೆ ನಾಲ್ಕು ಬಾವಿಯಂತೆ ಕ್ಲೋರೈಡ್, ಪಿಎಚ್ ನೋಡಿ ಫಲಿತಾಂಶವನ್ನು ಪಂಚಾಯಿತಿ ಬೋರ್ಡಿನಲ್ಲಿ ಹಚ್ಚಿದರೆ, ಯಾವ ಕೇರಿಗೆ ಟ್ಯಾಂಕರ್ ಬೇಕು, ಯಾರಿಗೆ ಬೇಡ ಎಂಬ ವರ್ಷ ವರ್ಷದ ಜಗಳಕ್ಕೆ ಒಂದು ಲೆಕ್ಕ ಸಿಗುತ್ತದೆ. ಹೊಸ ರೆಸಾರ್ಟು, ಹೋಟೆಲು, ಕ್ಯಾನ್ ನೀರಿನ ಘಟಕ, ಐಸ್ ಪ್ಲಾಂಟ್, ನಾಳೆ ಬಂದರೆ ಬಿಯರ್ ಘಟಕ, ಯಾವುದೇ ಇರಲಿ ಅನುಮತಿ ಕೊಡುವ ಮುಂಚೆ ಮೂರು ಉತ್ತರ ಬರೆದು ಕೊಡಲಿ: ದಿನಕ್ಕೆ ಎಷ್ಟು ಲೀಟರ್, ಏಪ್ರಿಲ್-ಮೇಯಲ್ಲಿ ಯಾವ ಮೂಲದಿಂದ, ಹೊರಬಿಡುವ ನೀರು ಎಲ್ಲಿಗೆ.

ಇದನ್ನು ಕೇಳಲು ಹೊಸ ಕಾನೂನು ಬರುವ ತನಕ ಕಾಯಬೇಕಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಒಬ್ಬರು ಎದ್ದು ಕೇಳಿದರೆ, ಅದು ನಡಾವಳಿ ಪುಸ್ತಕದಲ್ಲಿ ದಾಖಲಾದರೆ, ಮುಂದಿನ ಅರ್ಜಿ ಬಂದಾಗ ಅದೇ ಮಾದರಿಯಾಗುತ್ತದೆ.